ಅಮಸಿದ್ದಪ್ಪನ ಹುಲ್ಲುಗಾಡಿ

ನನ್ನ ಬಾಯಿ ಸರಿಯಿಲ್ಲ ಎಂದು ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಿಂದ ಬೆಲ್ಲದ ಪೇಟೆಯವರೆಗೆ ಎಲ್ಲರಿಗೂ ಗೊತ್ತು. ಇರಲಿ ಬಿಡಿ. ಗಂಡ ಸತ್ತ ಹೆಂಗಸು ಬೇರಿಂಗು, ಬೆಲ್ಟು, ಆಯಿಲ್ ಸೀಲಿನ ಅಂಗಡಿ ನಡೆಸಬೇಕಾದರೆ ಬಾಯಿ ಮೆತ್ತಗಿದ್ದು ಉಪಯೋಗವಿಲ್ಲ. ಎರಡು ತಿಂಗಳಲ್ಲಿ ಗಿರಾಕಿಗಳು ಅಂಗಡಿಯ ಕದವನ್ನೂ ಬಿಚ್ಚಿಕೊಂಡು ಹೋಗುತ್ತಾರೆ. ನಮ್ಮ ಮನೆಯವರ ಹೆಸರು ಮುರಗೆಪ್ಪ. ಗಂಡನ ಹೆಸರು ಹೇಳಬಾರದಂತೆ. ಹೇಳಿದರೆ ಈಗೇನು ಎದ್ದು ಬಂದು ಬೈಯುತ್ತಾರೆಯೇ? ಬೈದರೆ ಬೈಯಲಿ, ನನಗೂ ಒಂದಿಷ್ಟು ಮಾತು ಸಿಕ್ಕಂತಾಗುತ್ತದೆ. ಅವರು ಹೋದ ಮೇಲೆ ಹಿಂದಿನ ಕೋಣೆಯ ಲೇಥ್ ಮಿಷನ್ನಿಗೆ ತಾಡಪತ್ರಿ ಹೊದಿಸಿ, ಮುಂದಿನ ರೊಕ್ಕದ ಗಲ್ಲೆಯ ಹತ್ತಿರ ನಾನು ಕೂತೆ. ಕಬ್ಬಿನ ಗಾಣದವರು, ಪಂಪಿನವರು, ಹಿಟ್ಟಿನ ಗಿರಣಿಯವರು ಬರುತ್ತಾರೆ, ಕೂಗಾಡುತ್ತಾರೆ, ಸಾಮಾನು ಒಯ್ಯುತ್ತಾರೆ. ಹಗಲೆಲ್ಲ ಗದ್ದಲ. ಬಾಗಿಲು ಹಾಕಿದ ಮೇಲೆ ನನ್ನ ಹತ್ತಿರ ಮಾತಾಡುವವರು ಯಾರೂ ಇಲ್ಲ.

ಅಮಸಿದ್ದಪ್ಪ ನನ್ನ ಅಂಗಡಿಗೆ ಮೊದಲು ಬಂದದ್ದು ಒಂದು ಸೋಮವಾರ. ಆಲಮಟ್ಟಿಯ ಹಿನ್ನೀರು ಏರಿ ಬೀಳಗಿ ಕಡೆಯ ಹೊಳೆದಂಡೆಯ ಊರುಗಳು ಎದ್ದುಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಉದ್ದನೆಯ ಮನುಷ್ಯ, ಬಿಳೀ ಪಟಕಾ, ಒಂದು ಕಾಲು ಎಳೆದು ನಡೆಯುತ್ತಿದ್ದ. ಅರಿವೆಯ ಗಂಟು ಬಿಚ್ಚಿ ತುಕ್ಕು ಹಿಡಿದ ಬೇರಿಂಗು ತೆಗೆದು ನನ್ನ ಮುಂದಿಟ್ಟ. ಯಾವ ಮಿಷನ್ನಿನದು ಎಂದು ಕೇಳಿದೆ. ಹುಲ್ಲು ಕೊಯ್ಯುವ ಗಾಡಿಯದು ಎಂದ. ಹುಲ್ಲು ಕೊಯ್ಯಲು ಗಾಡಿ! ಕುಡುಗೋಲಿಗೆ ಏನು ಧಾಡಿಯಾಗಿತ್ತು ಎಂದು ಕೇಳಿದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನು ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಮುಧೋಳದ ಅಂಗಡಿಗಳಲ್ಲೂ ನಕ್ಕರು, ಆದರೆ ಅಲ್ಲಿ ನಕ್ಕು ಕಳಿಸಿಬಿಟ್ಟರು, ನೀವು ನಕ್ಕ ಮೇಲೆ ಕೊಡುತ್ತೀರೇನು ಎಂದು ಕೇಳಿದ. ನನಗೆ ನಾಚಿಕೆಯಾಯಿತು. ಕನ್ನಡಕ ಏರಿಸಿ ಬೇರಿಂಗಿನ ನಂಬರು ಓದಿದೆ. ವಿಲಾಯತಿ ಗಾಡಿಯಾದರೇನು, ಒಳಗಿದ್ದದ್ದು ನಮ್ಮ ಹಿಟ್ಟಿನ ಗಿರಣಿಯ ಮೋಟರಿಗೆ ಹಾಕುವ ಬೇರಿಂಗೇ. ಡಬ್ಬಿಯಿಂದ ತೆಗೆದು ಕೈಗೆ ಕೊಟ್ಟೆ.

ಆಮೇಲೆ ಒಂದೊಂದಾಗಿ ತಿಳಿಯಿತು. ಮುಧೋಳದಿಂದ ಬೀಳಗಿಗೆ ಹೋಗುವ ದಾರಿಯಲ್ಲಿ ಒಂದು ಸಕ್ಕರೆ ಕಾರ್ಖಾನೆ, ಅದಕ್ಕೊಂದು ಗೆಸ್ಟ್ ಹೌಸ್, ಗೆಸ್ಟ್ ಹೌಸಿನ ಮುಂದೆ ಎಕರೆಗಟ್ಟಲೆ ಹುಲ್ಲು. ಹಿಂದೆ ಇದ್ದ ಒಬ್ಬ ಡೈರೆಕ್ಟರು ಪರದೇಶಕ್ಕೆ ಹೋಗಿದ್ದಾಗ ಅಲ್ಲಿಯ ಮಂದಿ ಸಣ್ಣ ಟ್ರ್ಯಾಕ್ಟರಿನಂಥದರ ಮೇಲೆ ಕೂತು ಹುಲ್ಲು ಕತ್ತರಿಸುವುದನ್ನು ನೋಡಿ ಬಂದು, ಪುಣೆಯಲ್ಲಿ ಅಂಥದ್ದೇ ಒಂದು ಹಳೆಯ ಕೆಂಪು ಗಾಡಿ ಹುಡುಕಿ ತರಿಸಿದ. ಕುರ್ಚಿಯಂಥ ಸೀಟು, ಸ್ಟೇರಿಂಗು, ಹೊಟ್ಟೆಯ ಕೆಳಗೆ ತಿರುಗುವ ಅಲಗು. ಡೈರೆಕ್ಟರು ಹೋದ, ಗಾಡಿ ಉಳಿಯಿತು. ಅದನ್ನು ಓಡಿಸುವ ಕೆಲಸ ಮುಳುಗಡೆಯಾದ ಊರಿನವನೆಂದು ಅಮಸಿದ್ದಪ್ಪನಿಗೆ ಸಿಕ್ಕಿತು. ಊರು ಬಿಡುವಾಗ ಎಲ್ಲರೂ ತಂತಮ್ಮ ಮನೆಯ ಬಾಗಿಲು, ತೊಲೆ ಕಿತ್ತುಕೊಂಡು ಹೊರಟಿದ್ದರಲ್ಲ, ಆಗ ತೊಲೆಯೊಂದು ಜಾರಿ ಇವನ ಮೊಣಕಾಲಿನ ಮೇಲೆ ಬಿದ್ದಿತ್ತು. ನಿಂತು ಮಾಡುವ ಕೆಲಸ ಆಗದು, ಕೂತು ಮಾಡುವುದು ಇದೊಂದೇ. ಗೆಸ್ಟ್ ಹೌಸಿನ ಹಿಂದೆ ಪಂಪಿನ ಮನೆಗೆ ಹತ್ತಿದ ಒಂದು ಖೋಲಿಯೂ ಕೊಟ್ಟಿದ್ದರು. ಹೆಂಡತಿ ಶೇವಂತಿ ಊರು ಬಿಟ್ಟ ಮರುವರ್ಷದ ಬೇಸಿಗೆಯಲ್ಲಿ, ಪುನರ್ವಸತಿ ಕೇಂದ್ರದ ತಗಡಿನ ಶೆಡ್ಡಿನಲ್ಲಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ತಮ್ಮನೊಬ್ಬ ಅದೇ ಕೇಂದ್ರದಲ್ಲಿದ್ದ, ಆದರೆ ತಮ್ಮನ ಹೆಂಡತಿ ಬೋರವ್ವನಿಗೆ ಇವನ ನೆರಳು ಬಿದ್ದರೂ ಆಗುತ್ತಿರಲಿಲ್ಲ.

ಇವನು ಸೋಮವಾರವೇ ಏಕೆ ಬರುತ್ತಾನೆ ಎಂಬುದು ತಿಳಿದಾಗ ನಾನು ಇನ್ನೊಮ್ಮೆ ನಕ್ಕೆ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನ ವಾರ, ಎತ್ತಿಗೆ ಬಿಡುವು. ಈ ಪುಣ್ಯಾತ್ಮ ಪೆಟ್ರೋಲು ಕುಡಿಯುವ ಗಾಡಿಗೂ ಸೋಮವಾರ ಬಿಡುವು ಕೊಟ್ಟಿದ್ದ! ಸಾಹೇಬರು ಬೈದರೂ ಕೇಳುತ್ತಿರಲಿಲ್ಲವಂತೆ. ಎತ್ತು ಸಿಂಗರಿಸುವ ಕಾರಹುಣ್ಣಿವೆಗೆ ಅದರ ಬಾನೆಟ್ಟಿಗೆ ಗೊಂಡೆ ಕಟ್ಟುತ್ತಿದ್ದನಂತೆ. ಊರು ಬಿಡುವಾಗ ಶೆಡ್ಡಿನಲ್ಲಿ ಕಟ್ಟಲು ಜಾಗವಿಲ್ಲದೆ ಎತ್ತುಗಳನ್ನು ಮಾರಿದ್ದ. ಅವು ಯಾರ ಕೈಗೆ ಹೋದವು ಎಂದು ಒಮ್ಮೆ ಕೇಳಿದರೆ ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟ. ನಾನೂ ಮತ್ತೆ ಕೇಳಲಿಲ್ಲ.

ಹೀಗೆ ಅವನ ಸೋಮವಾರಗಳು ನನ್ನವೂ ಆದವು. ಒಮ್ಮೆ ಬೆಲ್ಟು ಹರಿಯಿತು, ಗಿರಣಿಯ ಬೆಲ್ಟು ಅಳೆದು ಕೊಟ್ಟೆ. ಅಲಗು ಮೊಂಡಾಯಿತು, ಕಮ್ಮಾರನ ಹತ್ತಿರ ಕಾಸಿ ಬಡಿಸಿ ಕೊಟ್ಟೆ. ಬ್ಯಾಟರಿ ಸತ್ತಿತು, ಮೋಟರ್‌ಸೈಕಲ್ಲಿನದು ಕೂರಿಸಿಕೊಟ್ಟೆ. ಸಾಮಾನು ಕೊಟ್ಟಾದ ಮೇಲೆ ಬಸ್ಸಿನ ಹೊತ್ತಾಗುವವರೆಗೆ ಅವನು ಆಯಿಲ್ ಡಬ್ಬಿಯನ್ನು ಬೋರಲು ಹಾಕಿಕೊಂಡು ಕೂರುತ್ತಿದ್ದ. ಚಹಾ ತರಿಸುತ್ತಿದ್ದೆ. ನಾನು ಪಟಪಟ ಮಾತಾಡುತ್ತಿದ್ದೆ, ಅವನು ಹೂಂಗುಡುತ್ತಿದ್ದ. ಬಾಯಲ್ಲಿ ಅಡಕಿ ಇಟ್ಟುಕೊಂಡು ಬಂದಿದ್ದೀಯೇನು ಎಂದು ಬೈದರೆ ಗಾಡಿಯ ಸುದ್ದಿ ಎತ್ತುತ್ತಿದ್ದ: ನಿನ್ನೆ ಏರಿನಲ್ಲಿ ಉಸಿರು ಹಿಡಿಯಿತು, ಮೊನ್ನೆ ತಾನಾಗಿ ಸ್ಟಾರ್ಟ್ ಆಯಿತು. ಬೇರೆ ಸುದ್ದಿ ಅವನ ಹತ್ತಿರ ಇರಲಿಲ್ಲ. ಯಾವುದಾದರೂ ಸೋಮವಾರ ಅವನು ಬಾರದಿದ್ದರೆ ನನಗೆ ಆ ದಿನದ ಚಹಾ ರುಚಿಸುತ್ತಿರಲಿಲ್ಲ. ಖರೆ ಹೇಳಬೇಕಾದರೆ ಹೇಳಿಯೇ ಬಿಡುತ್ತೇನೆ, ಇದರಲ್ಲಿ ಯಾರ ಅಂಜಿಕೆ?

ಆದರೆ ಹಳೆಯ ಮಿಷನ್ನಿನ ವಿಷಯದಲ್ಲಿ ನಮ್ಮ ಮನೆಯವರು ಒಂದು ಲೆಕ್ಕ ಹಾಕಿಕೊಟ್ಟು ಹೋಗಿದ್ದರು. ಹೊಳೆಗೆ ಸುರಿದರೂ ಅಳೆದು ಸುರಿ ಎನ್ನುವ ಜಾತಿಯ ಮನುಷ್ಯ. ಗಿರಾಕಿ ಬಂದು ಇದನ್ನು ರಿಪೇರಿ ಮಾಡಿಸಲೋ ಬಿಡಲೋ ಎಂದು ಕೇಳಿದರೆ, ಕೆಟ್ಟದ್ದು ಸವೆಯುವ ಭಾಗವೋ ಹೊರುವ ಭಾಗವೋ ನೋಡು ಎನ್ನುತ್ತಿದ್ದರು. ಬೆಲ್ಟು, ಬೇರಿಂಗು, ಅಲಗು ಸವೆಯಲೆಂದೇ ಹುಟ್ಟಿದವು, ಸವೆದರೆ ಹೊಸದು ಹಾಕು, ಮಿಷನ್ನು ಹಳೆಯದೆಂದು ಅಂಜಬೇಡ. ಎಲ್ಲವನ್ನೂ ಹೊತ್ತುಕೊಂಡು ನಿಂತ ಚಾಸಿಯೇ ಹೋಯಿತೆಂದರೆ ಕೈ ಬಿಡು, ಆಮೇಲೆ ಹಾಕಿದ್ದೆಲ್ಲ ತೂತು ಬಿದ್ದ ಕೊಡಕ್ಕೆ ತುಂಬಿದ ನೀರು. ಅಮಸಿದ್ದಪ್ಪನಿಗೂ ಇದನ್ನು ಹೇಳಿದ್ದೆ. ಚಾಸಿಗೆ ಏನೂ ಆಗಿಲ್ಲ ಅಕ್ಕಾರ, ಕನ್ನಡಿಯಂಗ ಹೊಳೀತೈತಿ ಎಂದಿದ್ದ. ಒಂದೇ ಒಂದು ಸಂಗತಿ ನನಗೆ ತಿಳಿಯುತ್ತಿರಲಿಲ್ಲ. ಅವನು ತರುತ್ತಿದ್ದ ಬೇರಿಂಗುಗಳು ಸವೆದು ಬರುತ್ತಿರಲಿಲ್ಲ, ತುಕ್ಕು ಹಿಡಿದು ಬರುತ್ತಿದ್ದವು. ಮಳೆಯಲ್ಲಿ ನಿಲ್ಲಿಸುತ್ತೀಯಾ ಎಂದರೆ ಇಲ್ಲ, ಶೆಡ್ಡಿನಲ್ಲಿ ಇರುತ್ತದೆ ಎನ್ನುತ್ತಿದ್ದ. ಮಾಲೇ ಖೊಟ್ಟಿ ಬರುತ್ತಿದೆ ಎಂದುಕೊಂಡು ನಾನು ಕಂಪನಿಯವರನ್ನು ಬೈದೆ.

ಒಂದು ಸೋಮವಾರ ಅವನು ಬಂದವನೇ ಚಹಾ ಬೇಡವೆಂದ. ಗಾಡಿ ಹುಲ್ಲಿನ ನಡುವೆ ಒಂದು ಮಗ್ಗುಲಿಗೆ ವಾಲಿ ನಿಂತುಬಿಟ್ಟಿತ್ತಂತೆ. ಪ್ರೇಮಕುಮಾರ ಎನ್ನುವ ಹೊಸ ಮ್ಯಾನೇಜರು ಬಂದಿದ್ದ. ಅವನು ಕೆಟ್ಟವನಲ್ಲ, ಹಾಗೆ ನೋಡಿದರೆ. ಈ ಹಳೆಯ ಗಾಡಿಗೆ ಇನ್ನೆಷ್ಟು ಸಲ ಸಾಮಾನು ಹಾಕುವುದು, ಗುಜರಿಗೆ ಹಾಕಿ ಹುಲ್ಲಿನ ಕೆಲಸ ಗುತ್ತಿಗೆಗೆ ಕೊಟ್ಟುಬಿಡೋಣ ಎಂದಿದ್ದ. ಗುತ್ತಿಗೆಯಾದರೆ ಅಮಸಿದ್ದಪ್ಪನ ಕೆಲಸವಿಲ್ಲ, ಕೆಲಸವಿಲ್ಲವೆಂದರೆ ಖೋಲಿಯಿಲ್ಲ, ಖೋಲಿಯಿಲ್ಲವೆಂದರೆ ಬೋರವ್ವನ ಅಂಗಳ. ಇವನು ಮ್ಯಾನೇಜರನ ಕಾಲು ಹಿಡಿದುಕೊಂಡಿದ್ದನಂತೆ. ಕೊನೆಗೆ ಮ್ಯಾನೇಜರು ನನಗೇ ಫೋನು ಹಚ್ಚಿದ. ಕಾರ್ಖಾನೆಗೂ ನಮ್ಮ ಅಂಗಡಿಯ ಮಾಲು ಹೋಗುತ್ತದೆ, ನನ್ನ ಮಾತಿನ ಮೇಲೆ ಅವರಿಗೆ ವಿಶ್ವಾಸ. ನೀವು ಒಮ್ಮೆ ಬಂದು ನೋಡಿ, ಆಗುತ್ತದೆ ಎಂದರೆ ಮಾಡಿಸೋಣ, ಆಗುವುದಿಲ್ಲ ಎಂದರೆ ಬಿಡೋಣ, ನೀವು ಹೇಳಿದ್ದೇ ಅಖೈರು ಎಂದ. ಅಮಸಿದ್ದಪ್ಪ ನನ್ನ ಮುಖವನ್ನೇ ನೋಡುತ್ತ ಕೂತಿದ್ದ. ಒಬ್ಬ ಮನುಷ್ಯನ ಬಾಳೇವು ನನ್ನ ನಾಲಗೆಯ ತುದಿಗೆ ಬಂದು ಕೂತಿತಲ್ಲ ಶಿವನೇ ಎಂದುಕೊಂಡು, ನಾಳೆಯೇ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದೆ.

ಮರುದಿನ ಅಂಗಡಿಗೆ ಬೀಗ ಜಡಿದು, ನಮ್ಮ ಮನೆಯವರ ನಟ್ಟು ತಿರುಗಿಸುವ ಪಾನಾ, ಸ್ಕ್ರೂಡ್ರೈವರು ಇದ್ದ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಮುಧೋಳದಲ್ಲಿ ಇಳಿದು ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಒಂದೇ ಆಸೆ: ಬೇರಿಂಗೇ ಆಗಿರಲಿ, ಬೆಲ್ಟೇ ಆಗಿರಲಿ, ಸವೆಯುವುದೇ ಸವೆದಿರಲಿ.

ಗೆಸ್ಟ್ ಹೌಸಿನ ಹುಲ್ಲು ನೋಡಿ ನಾನು ದಂಗಾದೆ. ಅಷ್ಟು ಹಸಿರು, ಅಷ್ಟು ಸಮ, ಅದರ ಮೇಲೆ ಒಂದು ನರಪಿಳ್ಳೆಯಿಲ್ಲ. ಯಾರು ಕೂರುತ್ತಾರೆ ಇಲ್ಲಿ ಎಂದು ಅಮಸಿದ್ದಪ್ಪನನ್ನು ಕೇಳಿದೆ. ಯಾರೂ ಇಲ್ಲ, ಸಾಹೇಬರು ಬಂದರೆ ಒಳಗೆ ಎ.ಸಿ.ಯಲ್ಲಿ ಕೂರುತ್ತಾರೆ ಎಂದ. ಮೊದಲು ತನ್ನ ಖೋಲಿಗೆ ಕರೆದುಕೊಂಡು ಹೋಗಿ ಚಹಾ ಮಾಡಿದ. ಒಂದು ಹಾಸಿಗೆ, ಒಂದು ತಾಟು, ಒಂದು ಕಪ್ಪು. ಕಪ್ಪನ್ನು ನನಗೆ ಕೊಟ್ಟು ತಾನು ಡಬ್ಬಿಯ ಮುಚ್ಚಳದಲ್ಲಿ ಹಾಕಿಕೊಂಡು ಕುಡಿದ. ಆ ಖೋಲಿಗೆ ಅಲ್ಲಿಯವರೆಗೆ ಯಾರೂ ಬಂದಿರಲಿಲ್ಲವೆಂದು ಅವನು ಹೇಳಬೇಕಾಗಿಯೇ ಇರಲಿಲ್ಲ. ನನ್ನ ಮನೆಯಲ್ಲಿ ಆರು ಕಪ್ಪುಗಳಿವೆ, ಒಂದೇ ತೊಳೆಯುತ್ತೇನೆ ಎಂದು ನೆನಪಾಯಿತು.

ಆಮೇಲೆ ಅವನು, ತಡೆಯಿರಿ, ಮೊದಲು ಮೈ ತೊಳೆದು ತೋರಿಸುತ್ತೇನೆ ಎಂದ. ಯಾರ ಮೈ ಎಂದುಕೊಳ್ಳುವಷ್ಟರಲ್ಲಿ ಶೆಡ್ಡಿನ ಬಾಗಿಲು ತೆರೆದು ಬಕೆಟ್ಟು ತಂದ. ಹುಲ್ಲಿನಿಂದ ತಳ್ಳಿ ತಂದಿಟ್ಟ ಕೆಂಪು ಗಾಡಿ ಒಂದು ಮಗ್ಗುಲಿಗೆ ವಾಲಿ ನಿಂತಿತ್ತು. ಬಕೆಟ್ಟಿನ ಮೇಲೆ ಬಕೆಟ್ಟು ಎತ್ತಿ ಸುರಿದ. ಬೆನ್ನಿನ ಮೇಲೆ, ಹೊಟ್ಟೆಯ ಕೆಳಗೆ, ಸಂದುಗೊಂದುಗಳಲ್ಲಿ. ತೆಂಗಿನ ನಾರಿನಿಂದ ಉಜ್ಜಿದ. ನೀರು ಸೀಟಿನ ಕೆಳಗಿಂದ ಒಳಗೆ ಇಳಿದು ಚಾಸಿಯ ತೂತುಗಳಲ್ಲಿ ಮಾಯವಾಗುತ್ತಿತ್ತು. ದಿನಾ ಹೀಗೆ ಮಾಡುತ್ತೀಯೇನು ಎಂದು ಕೇಳಿದೆ. ಹೌದು, ದಿನಾ, ಕೆಲಸ ಮುಗಿದ ಮೇಲೆ ಎಂದ. ಊರಲ್ಲಿ ಹೊಲದ ಗಳೆ ಬಿಟ್ಟ ಮೇಲೆ ಎತ್ತುಗಳನ್ನು ಹೊಳೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯದೆ ತಾನು ಉಂಡವನಲ್ಲವಂತೆ. ದುಡಿದ ಜೀವಕ್ಕೆ ನೀರು ಹಾಕದಿದ್ದರೆ ಪಾಪ ಬರುತ್ತದೆ ಎಂದ. ನಾನು ಬಕೆಟ್ಟಿನಲ್ಲಿ ಬೆರಳದ್ದಿ ನಾಲಗೆಗೆ ಹಚ್ಚಿಕೊಂಡೆ. ಬೋರಿನ ನೀರು, ಉಪ್ಪುಪ್ಪು, ಅಪ್ಪಟ ಸವುಳು. ಹೊಳೆಯ ಸಿಹಿನೀರಿನ ದಂಡೆಯಲ್ಲಿ ಹುಟ್ಟಿ ಬೆಳೆದವನಿಗೆ ನೀರೂ ಕೆಡುಕು ಮಾಡುತ್ತದೆಂದು ಯಾರು ಹೇಳಬೇಕಿತ್ತು? ವರ್ಷಾನುಗಟ್ಟಲೆ ಬೇರಿಂಗುಗಳು ಬಂದು ನನ್ನ ಗಲ್ಲೆಯ ಮುಂದೆ ಹೇಳುತ್ತಿದ್ದದ್ದು ಇದನ್ನೇ.

ಗೋಣಿಚೀಲ ಹಾಸಿ ಸೆರಗು ಬಿಗಿದು ನೆಲಕ್ಕೆ ಮಲಗಿ ಗಾಡಿಯ ಹೊಟ್ಟೆಯ ಕೆಳಗೆ ತಲೆ ಹಾಕಿದೆ. ಐವತ್ತು ದಾಟಿದ ಹೆಂಗಸು ಹೀಗೆ ಮಲಗಿದ್ದನ್ನು ಕಂಡು ವಾಚ್‌ಮನ್ ಬಾಯಿ ತೆರೆದು ನಿಂತಿದ್ದ, ನಿಲ್ಲಲಿ. ಮೇಲೆಲ್ಲ ಕೆಂಪಗೆ ಮಿರಿಮಿರಿ ಮಿಂಚುವ ಗಾಡಿ ಕೆಳಗೆ ಕರ್ರಗೆ ಪದರಪದರವಾಗಿ ಎದ್ದಿತ್ತು. ಅಲಗಿನ ಮೇಲಿನ ತಗಡು ಹೋಗಿತ್ತು, ಅದು ಹೋಗಲಿ, ಹೊಸ ತಗಡು ಬೆಸೆಯಬಹುದಿತ್ತು. ಹಿಂದಿನ ಗಾಲಿಯ ಅಚ್ಚು ಕೂರುವ ಕಡೆ ಚಾಸಿಗೆ ಸ್ಕ್ರೂಡ್ರೈವರು ಊರಿದೆ. ಕಟಕ ರೊಟ್ಟಿ ಮುರಿದ ಹಾಗೆ ಸದ್ದಾಗಿ ಅದು ಒಳಗೆ ಹೋಗಿ ಆಚೆ ಬಂತು. ಇನ್ನೊಂದು ಕಡೆ ಊರಿದೆ, ಅಲ್ಲೂ ಹಾಗೇ. ಎಲ್ಲಾದರೂ ಒಂದು ಗೇಣು ಗಟ್ಟಿ ಕಬ್ಬಿಣ ಸಿಕ್ಕೀತೇನೋ ಎಂದು ತಲೆಯಿಂದ ಬಾಲದವರೆಗೆ ಚುಚ್ಚಿ ಚುಚ್ಚಿ ನೋಡಿದೆ. ಪಟ್ಟಿ ಬೆಸೆಯಬೇಕೆಂದರೂ ಬೆಸೆಯಲು ಒಂದಿಷ್ಟು ಗಟ್ಟಿ ಜಾಗ ಬೇಕಲ್ಲ? ಎಂಜಿನ್ನು ಮಾತ್ರ ಗುಂಡುಕಲ್ಲಿನಂತಿತ್ತು, ಅದು ಕೂರಲು ನೆಲೆಯೇ ಇರಲಿಲ್ಲ. ಮುಖದ ಮೇಲೆ ತುಕ್ಕಿನ ನೀರು ತೊಟ್ಟಿಕ್ಕುತ್ತಿತ್ತು. ಅಳು ಬಂದರೂ ಯಾರಿಗೂ ಗೊತ್ತಾಗಲಿಲ್ಲ.

ಎದ್ದು ಬರುವಷ್ಟರಲ್ಲಿ ಪ್ರೇಮಕುಮಾರ ಬಂದು ನಿಂತಿದ್ದ. ಏನಂತೀರಿ ಎಂದ. ಆಗುತ್ತದೆ ಎಂದು ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು? ಕಾರ್ಖಾನೆಯೇನು ಮುಳುಗುತ್ತಿರಲಿಲ್ಲ. ಆದರೆ ಆ ಗಾಡಿಯ ಮೇಲೆ ಈ ಕುಂಟ ಕೂತು ಹೋಗುವಾಗ ಚಾಸಿ ನಡುವೆ ಮುರಿದು, ತಿರುಗುವ ಅಲಗಿನ ಮೇಲೆ ಬಿದ್ದರೆ? ಮುರಗೆಪ್ಪನ ಸ್ಕ್ರೂಡ್ರೈವರು ಕೈಯಲ್ಲಿತ್ತು.

“ಬ್ಯಾಡ್ರಿ ಸಾಹೇಬ್ರ,” ಎಂದೆ. “ಇದರ ಕತಿ ಮುಗೀತು.”

ಅವನು ತಲೆಯಾಡಿಸಿ, ಒಳ್ಳೆಯದಾಯಿತು, ಸ್ಪಷ್ಟ ಹೇಳಿದಿರಿ, ತಿಂಗಳ ಕೊನೆಯವರೆಗೆ ಅಮಸಿದ್ದಪ್ಪ ಖೋಲಿಯಲ್ಲಿರಲಿ ಎಂದು ಹೇಳಿ ಫೋನು ತೆಗೆದುಕೊಂಡು ಆಚೆ ಹೋದ. ಗುಜರಿಯವನ ಜೊತೆ ಮಾತಾಡುವುದು ಕೇಳಿಸುತ್ತಿತ್ತು.

ಅಮಸಿದ್ದಪ್ಪ ಜಗಳವಾಡಲಿಲ್ಲ. ನನ್ನನ್ನು ರಸ್ತೆಯವರೆಗೆ ಕಳಿಸಲು ಬಂದ. ಬಸ್ಸಿನ ಸ್ಟಾಪಿನಲ್ಲಿ ಜಾಲಿಮರದ ಅರೆನೆರಳು. ಇಬ್ಬರೂ ಕಲ್ಲಿನ ಮೇಲೆ ಕೂತೆವು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವನು ಕೇಳಿದ:

“ಯಾಕ ಹಿಂಗಾತ್ರಿ ಅಕ್ಕಾರ? ಮಳ್ಯಾಗ ಒಮ್ಮಿ ಸುದ್ದಾ ನಿಂದ್ರಿಸಿಲ್ಲ. ದಿನಾ ಮೈ ತೊಳದೇನಿ.”

ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರೆ. ಮಂದಿಯ ಕೋಪಕ್ಕೆ ನಾನು ಎಂದೂ ಅಂಜಿದವಳಲ್ಲ. ಆದರೆ ಇವನು ಕೋಪ ಮಾಡಿಕೊಳ್ಳುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೇ ಅಂಜಿದೆ.

“ವಯಸ್ಸಾಗಿತ್ತೋ ಅಣ್ಣಾ,” ಎಂದೆ. “ಕಬ್ಬಿಣಕ್ಕೂ ವಯಸ್ಸಾಗತೈತಿ.”

ಅವನು ಪಟಕಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

“ಶೇವಂತಿ ಹೋದಾಗೂ ಡಾಕ್ಟರು ಹಿಂಗ ಅಂದ್ರು, ವಯಸ್ಸಾಗಿತ್ತು ಅಂತ. ಆಕಿಗೆ ನಲವತ್ತ ಆಗಿದ್ದಿಲ್ಲರಿ. ನಾ ಏನ್ ತಪ್ಪ ಮಾಡಿದೆ, ಏನ್ ಮಾಡಿದ್ರ ಉಳೀತಿದ್ಲು, ಒಬ್ರೂ ಹೇಳಲಿಲ್ಲ. ತಮ್ಮ ಹೇಳಲಿಲ್ಲ, ಮಂದಿ ಹೇಳಲಿಲ್ಲ. ಪಾಪ ಅಂದ್ರು, ಹೋದ್ರು. ನನಗ ಖರೆ ಹೇಳವರ ಯಾರೂ ಇಲ್ಲರಿ ಅಕ್ಕಾರ. ನೀವರೆ ಹೇಳ್ರಿ.”

ಇಂಥ ಮಾತಿಗೆ ಏನು ಮಾಡಬೇಕು, ನೀವೇ ಹೇಳಿ. ಇಷ್ಟು ವರ್ಷ ಹೂಂಗುಟ್ಟಿದವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದ, ಅದೂ ನನ್ನ ಹತ್ತಿರ. ಕೇಳಿದವನಿಗೆ ಕೊಡದೆ ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ.

“ನೀರೋ ಅಣ್ಣಾ,” ಎಂದೆ. “ನೀ ದಿನಾ ಹಾಕಿದ ನೀರು. ಎತ್ತಿನ ಮೈ ಆದ್ರ ನೀರು ಆರತೈತಿ. ಇದರಾಗ ಒಳಗ ನಿಂದ್ರತೈತಿ. ಅದರಾಗ ಸವುಳು ನೀರು, ಕಬ್ಬಿಣಾನ ತಿಂದುಬಿಡತೈತಿ. ತೊಳೀದ ಹಂಗ ಬಿಟ್ಟಿದ್ರ ಇನ್ನೂ ಓಡತಿತ್ತು.”

ಅವನು ನನ್ನ ಕಡೆ ನೋಡಲಿಲ್ಲ. ಮೊದಲ ದಿನದಿಂದಲೇ ಏನು ಎಂದು ಕೇಳಿದ. ಹೌದೆಂದೆ. ಬೇರಿಂಗು ಹೋದದ್ದೂ ಅದಕ್ಕೇ ಏನು ಎಂದು ಕೇಳಿದ. ಅದಕ್ಕೂ ಹೌದೆಂದೆ. ತಲೆಯಾಡಿಸಿದ. ಆತು ಬಿಡ್ರಿ, ಒಬ್ಬರಾದರೂ ಹೇಳಿದಿರಿ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಉಪಕಾರ ಮಾಡಿದೆನೆಂಬಂತೆ ಹೇಳಿದ. ಅದನ್ನು ಕೇಳಲು ನನಗೆ ಆಗಲಿಲ್ಲ.

ಆಗ ಮನಸ್ಸಿಗೆ ಬಂದದ್ದನ್ನು ಹಿಂದುಮುಂದು ನೋಡದೆ ಆಡಿಬಿಟ್ಟೆ. ಅಂಗಡಿಯಲ್ಲಿ ನನಗೊಬ್ಬ ಮನುಷ್ಯ ಬೇಕು, ಮಾಲು ಎಣಿಸಿ ಇಡಲು, ಗಿರಾಕಿಗೆ ತೆಗೆದುಕೊಡಲು. ಕೂತು ಮಾಡುವ ಕೆಲಸವೇ. ಲೇಥಿನ ಕೋಣೆ ಖಾಲಿ ಬಿದ್ದಿದೆ, ಮಲಗಲು ಅದಾಗುತ್ತದೆ. ಊರ ಮಂದಿ ನಾಲ್ಕು ದಿನ ಬಾಯಿ ಬಡಿದುಕೊಂಡಾರು, ಅವರ ಬಾಯಿ ಮುಚ್ಚಿಸುವುದು ನನಗೆ ಬಿಟ್ಟದ್ದು. ಬೋರವ್ವನ ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕೂರುವುದಕ್ಕಿಂತ ಇದು ಛಲೋ ಅಲ್ಲವೇನು? ಅವನಿಗಾಗಿ ಅಷ್ಟೇ ಅಲ್ಲ, ನನಗಾಗಿಯೂ ಕೇಳುತ್ತಿದ್ದೆ.

ಬಸ್ಸು ತಿರುವಿನಲ್ಲಿ ಕಂಡಿತು. ಅವನು ಎದ್ದು ನಿಂತ. ನಕ್ಕ ಹಾಗೆ ಕಂಡಿತು. ಅವನು ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ.

“ಬ್ಯಾಡ್ರಿ ಅಕ್ಕಾರ,” ಎಂದ. “ನಿಮ್ಮ ಅಂಗಡ್ಯಾಗ ಇರೂದೆಲ್ಲ ಕಬ್ಬಿಣಾನ.”

ಹುಚ್ಚಪ್ಪಾ, ತಪ್ಪು ನೀರಿನದು, ನಿನ್ನ ಕೈಯದಲ್ಲ ಎಂದು ನಾನು ಹೇಳುವಷ್ಟರಲ್ಲಿ ಬಸ್ಸು ಬಂದು ನಿಂತು ಕಂಡಕ್ಟರು ಗಡಿಬಿಡಿ ಮಾಡಿದ. ಅಮಸಿದ್ದಪ್ಪ ನನ್ನ ಚೀಲ ಎತ್ತಿಕೊಡಲೆಂದು ಬಗ್ಗಿ ಕೈ ಚಾಚಿದ. ಚೀಲದೊಳಗಿನ ಪಾನಾಗಳು ಗಳ್ಳೆಂದವು. ಅವನು ಕೈ ಹಿಂದಕ್ಕೆ ಎಳೆದುಕೊಂಡು ಎರಡೂ ಕೈಗಳನ್ನು ಧೋತರದ ಅಂಚಿಗೆ ಒರೆಸಿಕೊಂಡು ದೂರ ನಿಂತ. ಚೀಲ ನಾನೇ ಎತ್ತಿಕೊಂಡು ಬಸ್ಸು ಹತ್ತಿದೆ.